ಹಳೇ ಜರ್ಮನ್ ಸೇನಾ ಪದಕಗಳು, ರಿಬ್ಬನ್ ಬಾರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಹೊಸದಾಗಿ ಶುರು ಮಾಡುವವರಿಗೆ

ಜರ್ಮನ್ ಮೆಡಲ್ ಅಂದ್ರೆ ಎಲ್ಲಾ ಹಿಟ್ಲರ್ ಕಾಲದ್ದೇ ಅಲ್ವಾ?

ಅಲ್ಲ. ಹಿಟ್ಲರನ 12 ವರ್ಷ ಈ ಇಡೀ ಕಥೆಯಲ್ಲಿ ಒಂದು ತುಂಡು ಮಾತ್ರ. 1871ರಿಂದ 1918ರವರೆಗೆ ಇದ್ದ ಜರ್ಮನ್ ಸಾಮ್ರಾಜ್ಯದಲ್ಲಿ 25 ರಾಜ್ಯಗಳಿದ್ದವು. ಪ್ರಶ್ಯ, ಬವೇರಿಯಾ, ಸ್ಯಾಕ್ಸನಿ, ವ್ಯೂರ್ಟೆಂಬರ್ಗ್ ಈ ನಾಲ್ಕಕ್ಕೆ ರಾಜರಿದ್ದರು. ಉಳಿದವು ಡ್ಯೂಕರು ಮತ್ತು ಪ್ರಿನ್ಸ್‌ಗಳ ಸಣ್ಣಪುಟ್ಟ ಸಂಸ್ಥಾನಗಳು. ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳೂ ಇದ್ದವು. ಬಹುತೇಕ ಎಲ್ಲರೂ ತಮ್ಮದೇ ಪದಕ, ತಮ್ಮದೇ ರಿಬ್ಬನ್ ಕೊಡುತ್ತಿದ್ದರು. ಈ ಸಂಗ್ರಹದ ನಿಜವಾದ ಶ್ರೀಮಂತಿಕೆ ಇರುವುದು ಇಲ್ಲೇ.

1918ರಲ್ಲಿ ರಾಜರೆಲ್ಲ ಹೋದರು. 1919ರ ಸಂವಿಧಾನ ಸರ್ಕಾರ ಪದಕ, ಬಿರುದು ಕೊಡುವುದನ್ನೇ ನಿಲ್ಲಿಸಿತು. 1933ರ ನಂತರ ಅದು ಮತ್ತೆ ಶುರುವಾಯಿತು.

ಮೊದಲು ಏನು ತಗೊಂಡ್ರೆ ಒಳ್ಳೇದು? ದುಡ್ಡು ಜಾಸ್ತಿ ಇಲ್ಲ.

ಎರಡು ಹೇಳುತ್ತೇನೆ. ಒಂದು, ಐರನ್ ಕ್ರಾಸ್ ಎಂಬ ಕಬ್ಬಿಣದ ಶಿಲುಬೆಯಾಕಾರದ ಯುದ್ಧ ಪದಕ, ಅದರಲ್ಲೂ 1914ರ ಎರಡನೇ ದರ್ಜೆಯದ್ದು. ಮೊದಲ ಮಹಾಯುದ್ಧದಲ್ಲಿ ಇದನ್ನು ಸುಮಾರು 50 ಲಕ್ಷ ಜನರಿಗೆ ಕೊಟ್ಟರು. ಇನ್ನೊಂದು, ಹಿಂಡೆನ್‌ಬರ್ಗ್ ಕ್ರಾಸ್ ಎಂದು ಎಲ್ಲರೂ ಕರೆಯುವ ಮಹಾಯುದ್ಧದ ಗೌರವ ಕ್ರಾಸ್. ಅಧ್ಯಕ್ಷ ಹಿಂಡೆನ್‌ಬರ್ಗ್ ಇದನ್ನು 1934ರ ಜುಲೈ 13ರಂದು ಜಾರಿಗೆ ತಂದರು. ಯುದ್ಧ ಮುಗಿಸಿ ಬಂದವರು, ಸತ್ತವರ ಹೆಂಡತಿಯರು, ತಂದೆತಾಯಿಗಳು ಅರ್ಜಿ ಹಾಕಿ ಪಡೆಯಬೇಕಿತ್ತು. 80 ಲಕ್ಷಕ್ಕೂ ಹೆಚ್ಚು ಕ್ರಾಸ್‌ಗಳು ಹಂಚಿಹೋದವು.

ಎರಡೂ ಈಗಲೂ ಧಾರಾಳವಾಗಿ ಸಿಗುತ್ತವೆ, ಬೆಲೆಯೂ ಕೈಗೆಟುಕುತ್ತದೆ. ಅಸಲಿ ಪದಕದ ತೂಕ, ಅಂಚು, ಹಳೇ ರಿಬ್ಬನ್ನಿನ ಮೈ ಹೇಗಿರುತ್ತದೆ ಎಂದು ಕೈಗೆ ಗೊತ್ತಾಗುವುದು ಇಂಥವುಗಳಿಂದಲೇ. ಅದು ಗೊತ್ತಾಗುವ ಮೊದಲು ದುಬಾರಿ ಪದಕಕ್ಕೆ ಕೈ ಹಾಕಬೇಡಿ.

ರಿಬ್ಬನ್ ಬಾರ್ ಬೇರೆ, ಮೆಡಲ್ ಬಾರ್ ಬೇರೆನಾ?

ಹೌದು. ಹಬ್ಬ, ಪರೇಡು, ಸಮಾರಂಭಕ್ಕೆ ಪದಕಗಳನ್ನೆಲ್ಲ ಒಂದು ಸಾಲಿನಲ್ಲಿ ನೇತುಹಾಕಿ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದು ಮೆಡಲ್ ಬಾರ್. ದಿನನಿತ್ಯದ ಸಮವಸ್ತ್ರಕ್ಕೆ ಪದಕವಿಲ್ಲದೆ ರಿಬ್ಬನ್ ತುಂಡುಗಳನ್ನಷ್ಟೇ ಒಂದು ಪಟ್ಟಿಗೆ ಹೊಲಿಸಿ ಹಾಕಿಕೊಳ್ಳುತ್ತಿದ್ದರು. ಅದು ರಿಬ್ಬನ್ ಬಾರ್. ಒಬ್ಬನೇ ಸೈನಿಕನ ಎರಡೂ ಒಟ್ಟಿಗೆ ಸಿಕ್ಕರೆ ಭಾಗ್ಯ ಎಂದೇ ತಿಳಿಯಿರಿ.

ಇದನ್ನೆಲ್ಲ ಇಟ್ಕೊಂಡ್ರೆ ಕಾನೂನಿನ ತೊಂದರೆ ಇದ್ಯಾ?

ಜರ್ಮನಿಯಲ್ಲಿ ದಂಡಸಂಹಿತೆಯ 86ಎ ವಿಧಿ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು ತಡೆಯುತ್ತದೆ. ಇತಿಹಾಸ, ಸಂಶೋಧನೆ, ಶಿಕ್ಷಣ, ಕಲೆಗೆ ವಿನಾಯಿತಿ ಇದೆ. ಅದಕ್ಕೇ ಅಲ್ಲಿನ ಮಾರಾಟಗಾರರು ಫೋಟೋಗಳಲ್ಲಿ ಸ್ವಸ್ತಿಕದ ಮೇಲೆ ಪಟ್ಟಿ ಅಂಟಿಸಿರುತ್ತಾರೆ. ರಾಜರ ಕಾಲದ ಪದಕಗಳಿಗೆ ಈ ತಕರಾರಿಲ್ಲ.

ಭಾರತದಲ್ಲಿರುವವರು ನೆನಪಿಡಬೇಕಾದ್ದು 1972ರ ಪುರಾತನ ವಸ್ತುಗಳ ಕಾಯ್ದೆ. ಐತಿಹಾಸಿಕ ಮಹತ್ವವಿದ್ದು 100 ವರ್ಷ ದಾಟಿದ ವಸ್ತು ಅದರ ಕೆಳಗೆ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1914ರ ಕ್ರಾಸನ್ನು ವಿದೇಶಕ್ಕೆ ಮಾರುವ ಯೋಚನೆ ಇದ್ದರೆ ಮೊದಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ಕೇಳಿ. ಹೊರಗಿನಿಂದ ತರಿಸುವಾಗ ಕಸ್ಟಮ್ಸ್ ಕಾಗದದಲ್ಲಿ ವಸ್ತುವಿನ ಹೆಸರು, ಬೆಲೆ ಇದ್ದದ್ದು ಇದ್ದ ಹಾಗೆ ಬರೆಸಿ.

## ಗುರುತು ಹಿಡಿಯುವುದು

ನನ್ನ ಐರನ್ ಕ್ರಾಸ್ ಮೇಲೆ 1813 ಅಂತ ಇದೆ. ನೆಪೋಲಿಯನ್ ಕಾಲದ್ದಾ?

ಬಹುಶಃ ಅಲ್ಲ. ತಿರುಗಿಸಿ ನೋಡಿ. ಪ್ರಶ್ಯದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ನೆಪೋಲಿಯನ್ ವಿರುದ್ಧದ ಯುದ್ಧಕ್ಕಾಗಿ 1813ರಲ್ಲಿ ಈ ಕ್ರಾಸ್ ಸ್ಥಾಪಿಸಿದ. ತೀರಿಕೊಂಡಿದ್ದ ರಾಣಿ ಲೂಯಿಸಾಳ ಹುಟ್ಟುಹಬ್ಬವಾದ ಮಾರ್ಚ್ 10ನ್ನೇ ಸ್ಥಾಪನೆಯ ದಿನವಾಗಿ ಇಟ್ಟ. ವಿನ್ಯಾಸ ಮಾಡಿದ್ದು ಬರ್ಲಿನ್ನಿನ ಹೆಸರಾಂತ ವಾಸ್ತುಶಿಲ್ಪಿ ಶಿಂಕೆಲ್. ಆಮೇಲೆ 1870, 1914, 1939ರಲ್ಲಿ ಯುದ್ಧ ಬಂದಾಗಲೆಲ್ಲ ಇದನ್ನು ಮತ್ತೆ ಜಾರಿಗೆ ತಂದರು. ಪ್ರತಿ ಸಲವೂ ಎರಡನೇ ದರ್ಜೆಯ ಕ್ರಾಸಿನ ಒಂದು ಬದಿಯಲ್ಲಿ 1813 ಉಳಿಸಿಕೊಂಡರು.

ಇನ್ನೊಂದು ಬದಿಯಲ್ಲಿ ಕಿರೀಟ, ನಡುವೆ ಡಬ್ಲ್ಯೂ ಅಕ್ಷರ, ಕೆಳಗೆ 1870 ಅಥವಾ 1914 ಇದ್ದರೆ ಆ ವರ್ಷದ ಯುದ್ಧದ್ದು. ಸ್ವಸ್ತಿಕ ಮತ್ತು 1939 ಇದ್ದರೆ ಎರಡನೇ ಮಹಾಯುದ್ಧದ್ದು. ಮೂಲ 1813ರ ಕ್ರಾಸಿನಲ್ಲಿ ಓಕ್ ಎಲೆ, ರಾಜನ ಹೆಸರಿನ ಎಫ್‌ಡಬ್ಲ್ಯೂ, ಇಸವಿ ಒಂದೇ ಬದಿಯಲ್ಲಿರುತ್ತವೆ. ಇನ್ನೊಂದು ಬದಿ ಖಾಲಿ.

ದರ್ಜೆ ಗುರುತಿಸುವುದು ಸುಲಭ. ರಿಬ್ಬನ್ನಿಗೆ ಉಂಗುರ ಇದ್ದರೆ ಎರಡನೇ ದರ್ಜೆ. ಹಿಂದೆ ಪಿನ್ನೋ ಸ್ಕ್ರೂವೋ ಇದ್ದು ನೇರ ಎದೆಗೆ ಚುಚ್ಚುವಂತಿದ್ದರೆ ಮೊದಲ ದರ್ಜೆ.

ಕಪ್ಪು ರಿಬ್ಬನ್ನಿಗೆ ಬಿಳಿ ಪಟ್ಟೆ, ಬಿಳಿ ರಿಬ್ಬನ್ನಿಗೆ ಕಪ್ಪು ಪಟ್ಟೆ. ಏನಿದು?

1914ರ ಎರಡನೇ ದರ್ಜೆಯ ಕ್ರಾಸ್ ಹೋರಾಡಿದವರಿಗೆ ಕಪ್ಪು ರಿಬ್ಬನ್ನಿನಲ್ಲಿ, ಹೋರಾಟದಲ್ಲಿ ಇಲ್ಲದವರಿಗೆ ಬಿಳಿ ರಿಬ್ಬನ್ನಿನಲ್ಲಿ ಬರುತ್ತಿತ್ತು. ಬಿಳಿಯದ್ದು ಬಹಳ ಕಡಿಮೆ. ಹಾಗಾಗಿ ಸಾಧಾರಣ ಕ್ರಾಸಿಗೆ ಬಿಳಿ ರಿಬ್ಬನ್ ಏರಿಸಿ ಹೆಚ್ಚಿಗೆ ಕೇಳುವವರೂ ಇದ್ದಾರೆ. 1939ರ ಕ್ರಾಸಿಗೆ ನಡುವೆ ಅಗಲ ಕೆಂಪು, ಆಚೀಚೆ ಬಿಳಿ, ಅಂಚಿಗೆ ಕಪ್ಪು.

ಉಂಗುರದ ಮೇಲೆ ಸಣ್ಣ ಅಕ್ಷರ ಇದೆ. ಸೈನಿಕನ ಹೆಸರಾ?

ಅಲ್ಲ, ಅದು ತಯಾರಕರ ಗುರುತು. 1914ರ ಕ್ರಾಸ್‌ಗಳಲ್ಲಿ ಉಂಗುರದ ಮೇಲೆ ಒಂದೆರಡು ಅಕ್ಷರ, ಕೆಲವೊಮ್ಮೆ ಬೆಳ್ಳಿಯ ಶುದ್ಧತೆ ಹೇಳುವ 800 ಇರುತ್ತದೆ. ಗುರುತೇ ಇಲ್ಲದ ಅಸಲಿ ಕ್ರಾಸ್‌ಗಳೂ ಬೇಕಾದಷ್ಟಿವೆ. ಎರಡನೇ ಮಹಾಯುದ್ಧದ ಹೊತ್ತಿಗೆ ತಯಾರಕರಿಗೆ ಸಂಖ್ಯೆ ಬಂತು. ಉದಾಹರಣೆಗೆ 4 ಅಂದರೆ ಲ್ಯೂಡೆನ್‌ಶೈಡ್ ಊರಿನ ಸ್ಟೈನ್‌ಹೌವರ್ ಆಂಡ್ ಲ್ಯೂಕ್, 65 ಅಂದರೆ ಇಡಾರ್-ಒಬರ್‌ಸ್ಟೈನ್‌ನ ಕ್ಲೈನ್ ಆಂಡ್ ಕ್ವೆನ್‌ಜರ್. ಎಲ್ ಅಕ್ಷರ, ಓರೆಗೆರೆ, ಆಮೇಲೆ ಸಂಖ್ಯೆ ಇದ್ದರೆ ಅದು ಅಂಗಡಿಯಲ್ಲಿ ಖಾಸಗಿಯಾಗಿ ಮಾರಲು ಮಾಡಿದ್ದು. ಪದಕ ಕಳೆದುಹೋದವರು, ಎರಡನೆಯದು ಬೇಕಾದವರು ಅದನ್ನು ಕೊಳ್ಳುತ್ತಿದ್ದರು. ಗುರುತು ಕೆತ್ತುವುದು ನಕಲಿ ಮಾಡುವವರಿಗೆ ದೊಡ್ಡ ಕೆಲಸವೇನಲ್ಲ. ಹಾಗಾಗಿ ಗುರುತೊಂದನ್ನೇ ನಂಬಬೇಡಿ.

ನಮ್ಮ ಮುತ್ತಜ್ಜನ ಬ್ರಿಟಿಷ್ ಮೆಡಲ್ ಅಂಚಲ್ಲಿ ಹೆಸರಿದೆ. ಜರ್ಮನ್ ಪದಕದಲ್ಲಿ ಯಾಕಿಲ್ಲ?

ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಭಾರತೀಯ ಸಿಪಾಯಿಗಳ ಹೆಸರು, ನಂಬರು, ಪಡೆ ಒತ್ತಿರುತ್ತಿದ್ದರು. ಜರ್ಮನರಲ್ಲಿ ಈ ಪದ್ಧತಿ ಇರಲಿಲ್ಲ. ಹೆಸರು ಇರುತ್ತಿದ್ದದ್ದು ಪದಕದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ ಮತ್ತು ಸೈನಿಕನ ಸೇವಾ ಪುಸ್ತಕದಲ್ಲಿ. ಆದ್ದರಿಂದ ಜರ್ಮನ್ ಪದಕದ ಜೊತೆ ಹಳದಿಯಾದ ಒಂದು ಕಾಗದ ಸಿಕ್ಕರೆ ಅದನ್ನು ಪದಕಕ್ಕಿಂತ ಜೋಪಾನ ಮಾಡಿ. ಕಾಗದ ಹೋದರೆ ಆ ಮನುಷ್ಯನೇ ಹೋದ ಹಾಗೆ.

ಹೆಸರು ಸಿಕ್ಕಿದರೆ ಹುಡುಕಾಟ ಮುಂದುವರಿಸಬಹುದೇ ಎನ್ನುವುದು ರಾಜ್ಯದ ಮೇಲೆ ನಿಂತಿದೆ. ಪ್ರಶ್ಯದ ಸೇನಾ ದಾಖಲೆಗಳಲ್ಲಿ ಹೆಚ್ಚಿನವು 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಬವೇರಿಯಾದ ದಾಖಲೆಗಳು ಮ್ಯೂನಿಕ್‌ನಲ್ಲಿ, ವ್ಯೂರ್ಟೆಂಬರ್ಗಿನವು ಸ್ಟುಟ್‌ಗಾರ್ಟ್‌ನಲ್ಲಿ ಉಳಿದಿವೆ. ಬವೇರಿಯಾದ ಸೈನಿಕನ ಹೆಸರು ಸಿಕ್ಕರೆ ಅವನ ಊರು, ಕಸುಬು, ಗಾಯಗಳವರೆಗೆ ಹೋಗಿ ಮುಟ್ಟಬಹುದು.

ರಿಬ್ಬನ್ ಬಾರ್ ಸಿಕ್ಕಿದೆ, ಬರೀ ಬಣ್ಣಬಣ್ಣದ ಪಟ್ಟೆ. ಓದೋದು ಹೇಗೆ?

ನನಗೆ ಅತ್ಯಂತ ಇಷ್ಟದ ಪ್ರಶ್ನೆ ಇದು. ಹಾಕಿಕೊಂಡವನ ಬಲದಿಂದ, ಅಂದರೆ ನೋಡುವವರ ಎಡದಿಂದ ಓದಬೇಕು. ಹೆಚ್ಚು ಮಾನದ್ದು ಮೊದಲು ಬರುತ್ತದೆ. ಮೊದಲ ಮಹಾಯುದ್ಧದ ಬಾರ್‌ಗಳಲ್ಲಿ ಸಾಮಾನ್ಯವಾಗಿ ಐರನ್ ಕ್ರಾಸ್ ಮುಂದಿರುತ್ತದೆ. ನಂತರ ಸ್ವಂತ ರಾಜ್ಯದ ಪದಕ, ಬೇರೆ ರಾಜ್ಯದ್ದು, ದೀರ್ಘ ಸೇವೆಯದ್ದು, ಕೊನೆಗೆ ಮಿತ್ರದೇಶಗಳದ್ದು.

ಒಂದು ಬಾರ್ ಊಹಿಸಿಕೊಳ್ಳಿ. ಮೊದಲು ಬಿಳಿ ಪಟ್ಟೆಯ ಕಪ್ಪು ರಿಬ್ಬನ್. ಎರಡನೆಯದು ತಿಳಿನೀಲಿ, ಅಂಚಿಗೆ ಹಳದಿ, ಕೆಂಪು. ಮೂರನೆಯದು ಕಪ್ಪು, ಬಿಳಿ, ನಡುವೆ ಕೆಂಪು, ಮೇಲೆ ಪುಟ್ಟ ಅಡ್ಡಕತ್ತಿಗಳು. ಕೊನೆಯ ಎರಡೂ ಅಚ್ಚ ನೀಲಿ, ಒಂದೊಂದು ಪುಟ್ಟ ಹದ್ದು.

ಮೊದಲನೆಯದು ಐರನ್ ಕ್ರಾಸ್, ಹೋರಾಡಿದವನದ್ದು. ಎರಡನೆಯದು ಮೆಕ್ಲೆನ್‌ಬುರ್ಗ್-ಶ್ವೆರಿನ್ ಸಂಸ್ಥಾನದ ಸೇನಾ ಕ್ರಾಸ್. ಇವನು ಆ ಕಡೆಯವನು, ಇಲ್ಲವೇ ಅಲ್ಲಿನ ಗ್ರ್ಯಾಂಡ್ ಡ್ಯೂಕನ ಜೊತೆ ನಂಟಿದ್ದ ಪಡೆಯಲ್ಲಿದ್ದವನು. ಮೂರನೆಯದು ಹಿಂಡೆನ್‌ಬರ್ಗ್ ಕ್ರಾಸ್. ಕತ್ತಿ ಇರುವುದರಿಂದ ಮುಂಚೂಣಿಯಲ್ಲಿದ್ದ. 1934ರ ಜುಲೈ ನಂತರವೂ ಬದುಕಿದ್ದ. ಕೊನೆಯ ಎರಡು 4 ಮತ್ತು 12 ವರ್ಷಗಳ ಸೇನಾ ಸೇವೆಯದ್ದು. ಅವು ಶುರುವಾದದ್ದು 1936ರ ಮಾರ್ಚ್‌ನಲ್ಲಿ. ಹಾಗಾದರೆ ಈ ಬಾರ್ ಹೊಲಿದದ್ದು ಅದಾದ ಮೇಲೆ. 1914ರ ಕ್ರಾಸ್ ಇದ್ದವನಿಗೆ ಎರಡನೇ ಯುದ್ಧದಲ್ಲಿ ಮತ್ತೆ ಕ್ರಾಸ್ ಬಂದರೆ 1939 ಎಂದಿರುವ ಪುಟ್ಟ ಹದ್ದಿನ ಕ್ಲಿಪ್ ಕೊಡುತ್ತಿದ್ದರು. ಇಲ್ಲಿ ಮೊದಲ ರಿಬ್ಬನ್ನಿನ ಮೇಲೆ ಅದು ಇಲ್ಲ. ಬಹುಶಃ ಎರಡನೇ ಯುದ್ಧಕ್ಕೆ ಮೊದಲೇ ಹೊಲಿಸಿರಬೇಕು, ಅಥವಾ ಆ ಯುದ್ಧದಲ್ಲಿ ಅವನಿಗೆ ಮತ್ತೆ ಕ್ರಾಸ್ ಬಂದಿಲ್ಲ. ಬೆರಳಗಲದ ಒಂದು ಪಟ್ಟಿಯಿಂದ ಇಷ್ಟು ಗೊತ್ತಾಯಿತು!

ಸಂಸ್ಥಾನದ ಬಣ್ಣಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೀಲಿ-ಹಳದಿ ಬ್ರೌನ್‌ಶ್ವೈಗ್, ನೀಲಿಗೆ ಕೆಂಪು ಅಂಚು ಓಲ್ಡೆನ್‌ಬುರ್ಗ್, ಬಿಳಿಯ ಅಂಚಿಗೆ ಕಪ್ಪು-ನೀಲಿ ಗೆರೆ ಬವೇರಿಯಾ. ಆದರೆ ಬಣ್ಣ ಮಾಸಿ ಬೇರೆಯದರಂತೆ ಕಾಣುತ್ತದೆ. ಆದ್ದರಿಂದ ರಿಬ್ಬನ್ನು ಮಡಚಿ ಒಳಗೆ ಹೋದ ಜಾಗ ನೋಡಿ. ಬೆಳಕು ಬೀಳದ ಅಲ್ಲಿ ಮೂಲ ಬಣ್ಣ ಉಳಿದಿರುತ್ತದೆ.

## ಅಸಲಿಯೋ ನಕಲಿಯೋ

ಅಯಸ್ಕಾಂತ ಅಂಟಿದ್ರೆ ಐರನ್ ಕ್ರಾಸ್ ಅಸಲಿ ತಾನೆ?

ಅಷ್ಟು ಸುಲಭವಿಲ್ಲ. ಸರಿಯಾದ ಕ್ರಾಸ್ ಮೂರು ಭಾಗದ್ದು. ನಡುವೆ ಎರಕದ ಕಬ್ಬಿಣದ ತಿರುಳು, ಅದನ್ನು ಹಿಂದೆ ಮುಂದೆ ಹಿಡಿದುಕೊಂಡ ಬೆಳ್ಳಿಯ ಎರಡು ಚೌಕಟ್ಟು. ಚೌಕಟ್ಟುಗಳನ್ನು ಅಂಚಿನಲ್ಲಿ ಬೆಸೆದಿರುತ್ತಾರೆ. ಇಡೀ ಕ್ರಾಸನ್ನು ಒಂದೇ ಲೋಹದಲ್ಲಿ ಎರಕ ಹೊಯ್ದ ಅಗ್ಗದ ನಕಲಿಗಳನ್ನು ಅಯಸ್ಕಾಂತ ಹಿಡಿದುಕೊಡುತ್ತದೆ. ಆದರೆ ಈಗಿನ ನಕಲಿಗಳಿಗೂ ಕಬ್ಬಿಣದ ತಿರುಳು ಹಾಕುತ್ತಾರೆ. ಇನ್ನೊಂದು ಕಡೆ, ಹಿತ್ತಾಳೆ ಅಥವಾ ಸತುವಿನ ತಿರುಳಿರುವ ಅಸಲಿಗಳೂ ಇವೆ.

ಭೂತಗನ್ನಡಿ ಹಿಡಿದು ಅಂಚಿನ ಬೆಸುಗೆ ಗೆರೆ ನೋಡಿ. ಚೌಕಟ್ಟಿನ ಒಳಗಿನ ಸಣ್ಣ ಮಣಿಸಾಲು ಚೂಪಾಗಿ, ಒಂದೊಂದಾಗಿ ಬಿಡಿಸಿದಂತೆ ಇರಬೇಕು. ಅಂಕಿಗಳ ಮೂಲೆ ಗಡುಸಾಗಿರಬೇಕು. ಸಾಬೂನಿನಂತೆ ಕರಗಿ ದುಂಡಗಾಗಿದ್ದರೆ, ಸಣ್ಣ ಗುಳಿಗಳಿದ್ದರೆ ಅದು ಅಸಲಿಯ ಮೇಲೆ ಅಚ್ಚು ತೆಗೆದು ಹೊಯ್ದ ನಕಲು.

ಯುವಿ ಲೈಟ್ ಹಾಕಿದ್ರೆ ಹೊಳೀತು. ಎಸೆದುಬಿಡ್ಲಾ?

ಬೇಡ, ತಾಳಿ. ಬಟ್ಟೆಯನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಎರಡನೇ ಮಹಾಯುದ್ಧದ ನಂತರ ಎಲ್ಲ ಕಡೆ ಬಳಕೆಗೆ ಬಂದವು. ಯುವಿ ಬೆಳಕಿನಲ್ಲಿ ಅವು ನೀಲಿಯಾಗಿ ಹೊಳೆಯುತ್ತವೆ. ದಾರ, ರಿಬ್ಬನ್, ಹಿಂಬದಿಯ ಬಟ್ಟೆ ಎಲ್ಲವೂ ಧಗ್ ಎಂದು ಹೊಳೆದರೆ ಅನುಮಾನ ಬಲವಾಗುತ್ತದೆ. ಆದರೆ ಯಾರೋ ಹಳೇ ರಿಬ್ಬನ್ನನ್ನು ಈಗಿನ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಹೊಳೆಯುತ್ತದೆ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ದಾರದ ಎಳೆ ಕಿತ್ತು ಸುಟ್ಟು ನೋಡುವ ಪರೀಕ್ಷೆಯನ್ನಂತೂ ಮಾಡಲೇಬೇಡಿ. ಉಳಿದಿರುವ ವಸ್ತುವನ್ನು ಹಾಳು ಮಾಡಿ ಪಡೆಯುವ ಉತ್ತರ ಬೇಕಾಗಿಲ್ಲ.

ಪದಕ ಎಲ್ಲಾ ಅಸಲಿ. ಆದ್ರೂ ಬಾರ್ ನಕಲಿ ಅಂತಾರಲ್ಲ?

ಹೌದು, ಇದೇ ಈಗಿನ ದೊಡ್ಡ ಪಿಡುಗು. ಬಿಡಿಬಿಡಿ ಅಸಲಿ ಪದಕಗಳನ್ನು ಕೊಂಡು, ಹಳೇ ಬಟ್ಟೆ ಹುಡುಕಿ, ಅಪರೂಪದ ಜೋಡಣೆ ಹೊಲಿದು ಮಾರುತ್ತಾರೆ. ಮುಂಭಾಗ ನೋಡಿ ಮರುಳಾಗಬೇಡಿ, ತಿರುಗಿಸಿ ನೋಡಿ. ವರ್ಷಗಟ್ಟಲೆ ನೇತಾಡಿದ ಪದಕ ಪಕ್ಕದ ಪದಕಕ್ಕೆ ತಾಗಿ ಅಂಚು ಸವೆದಿರುತ್ತದೆ. ಉಂಗುರ ರಿಬ್ಬನ್ನಿನ ಮೇಲೆ ಗುರುತು ಬಿಟ್ಟಿರುತ್ತದೆ. ಕಬ್ಬಿಣದ ಪಿನ್ನಿನ ತುಕ್ಕು ಬಟ್ಟೆಗೆ ಇಳಿದಿರುತ್ತದೆ. ಎಲ್ಲ ರಿಬ್ಬನ್ನುಗಳೂ ಒಂದೇ ಹದದಲ್ಲಿ ಮಾಸಿರಬೇಕು. ಒಂದು ಮಾತ್ರ ಹೊಸದಾಗಿ ಮಿನುಗುತ್ತಿದ್ದರೆ ಯಾಕೆ ಎಂದು ಕೇಳಿ.

ಆಮೇಲೆ ತರ್ಕ ಹಾಕಿ. ಹಿಂಡೆನ್‌ಬರ್ಗ್ ಕ್ರಾಸ್ ಇರುವ ಬಾರ್ 1918ರಲ್ಲಿ ಸತ್ತವನದ್ದು ಎಂದು ಕಥೆ ಕಟ್ಟಿದರೆ ಅದು ಆಗದ ಮಾತು. ಬರೀ ಸಿಪಾಯಿಯ ಪದಕಗಳ ನಡುವೆ ಅಧಿಕಾರಿಗಳಿಗೆ ಮಾತ್ರ ಕೊಡುತ್ತಿದ್ದ ಪದಕ ಕೂತಿದ್ದರೆ ಅದಕ್ಕೊಂದು ಕಾರಣ ಬೇಕು. ಕಾರಣ ಸಿಗದಿದ್ದರೆ ಬಿಟ್ಟುಬಿಡಿ.

ಸ್ವಸ್ತಿಕ ಇಲ್ಲದ 1939ರ ಕ್ರಾಸ್ ಸಿಕ್ಕಿದೆ. ಮೋಸನಾ?

ಮೋಸ ಇರಬೇಕಾಗಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿ ಒಂದು ಕಾಯ್ದೆ ತಂದಿತು. ಹಳೇ ಸೈನಿಕರು ತಮ್ಮ ಯುದ್ಧಕಾಲದ ಪದಕಗಳನ್ನು ಸ್ವಸ್ತಿಕವಿಲ್ಲದ ರೂಪದಲ್ಲಿ ಧರಿಸಬಹುದು ಎಂದಿತು. ಐರನ್ ಕ್ರಾಸಿನಲ್ಲಿ ಸ್ವಸ್ತಿಕದ ಜಾಗಕ್ಕೆ ಓಕ್ ಎಲೆಗಳು ಬಂದವು. ಇದನ್ನು 1957ರ ಮಾದರಿ ಎಂದು ಹೇಳಿಯೇ ಮಾರಿದರೆ ಸರಿ. ಸಂಗ್ರಹಿಸಲು ಯೋಗ್ಯವಾದ ವಸ್ತುವೇ.

ಪೂರ್ ಲ ಮೆರಿಟ್ ಸೋವಿ ಬೆಲೆಗೆ ಬಂದಿದೆ. ತಗೊಳ್ಲಾ?

ಬೇಡ. ಪ್ರಶ್ಯದ ಎರಡನೇ ಫ್ರೆಡ್ರಿಕ್ 1740ರಲ್ಲಿ ಸ್ಥಾಪಿಸಿದ ಈ ನೀಲಿ ಎನಾಮಲ್ ಕ್ರಾಸ್ ಮೊದಲ ಮಹಾಯುದ್ಧದಲ್ಲಿ ಸಿಕ್ಕಿದ್ದು 700ಕ್ಕೂ ಕಡಿಮೆ ಜನರಿಗೆ. ಮೊದಮೊದಲು ಚಿನ್ನದಲ್ಲಿ, 1916ರ ಕೊನೆಯಿಂದ ಚಿನ್ನದ ನೀರು ಕೊಟ್ಟ ಬೆಳ್ಳಿಯಲ್ಲಿ ಮಾಡಿದರು. ಅಸಲಿ ಎಂದೂ ಸೋವಿಗೆ ಬರುವುದಿಲ್ಲ.

## ಜೋಪಾನ, ಮತ್ತು ಸ್ವಲ್ಪ ಆಳದ ಮಾತು

ಬ್ರಾಸೋ ಹಾಕಿ ಉಜ್ಜಿ ಪಳಪಳ ಮಾಡ್ಲಾ?

ದಯವಿಟ್ಟು ಬೇಡ. ಉಜ್ಜಿದರೆ ಕಪ್ಪು ಬಣ್ಣ, ಬೆಳ್ಳಿಯ ಹಳೇ ಪೊರೆ, ಸಣ್ಣ ಕೆತ್ತನೆ ಎಲ್ಲ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮೆತ್ತಗಿನ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ಮಂಗಳೂರು, ಕಾರವಾರದಂಥ ಕರಾವಳಿ ಊರಿನಲ್ಲಿರುವವರು ಇನ್ನೂ ಹುಷಾರಾಗಿರಬೇಕು. ಉಪ್ಪುಗಾಳಿಗೆ ಕಬ್ಬಿಣದ ತಿರುಳು ಒಳಗೇ ತುಕ್ಕು ಹಿಡಿದು ಉಬ್ಬುತ್ತದೆ, ಚೌಕಟ್ಟು ಬಿರಿಯುತ್ತದೆ. ಮುಚ್ಚಳ ಬಿಗಿಯಾಗಿರುವ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಆಮ್ಲವಿಲ್ಲದ ಕಾಗದ ಇಷ್ಟಿರಲಿ. ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಾ ಇರಿ. ಅಗ್ಗದ ಪಿವಿಸಿ ಕವರಿನಲ್ಲಿ ಇಡಬೇಡಿ, ಅದು ಕಾಲಕ್ರಮೇಣ ಲೋಹವನ್ನು ತಿನ್ನುತ್ತದೆ. ಬಾರ್ ಹಿಂದಿನ ಉಣ್ಣೆ ಬಟ್ಟೆಗೆ ನುಸಿ ಬೀಳುತ್ತದೆ, ಆಗಾಗ ತೆಗೆದು ನೋಡಿ.

ಬಾರ್ ಬಿಚ್ಚಿ ಒಂದೊಂದೇ ಮಾರಿದ್ರೆ ಜಾಸ್ತಿ ಸಿಗುತ್ತಂತೆ. ಮಾಡ್ಲಾ?

ಮಾಡಬೇಡಿ. ಐರನ್ ಕ್ರಾಸ್‌ಗಳು ಲಕ್ಷಗಟ್ಟಲೆ ಇವೆ. ಆದರೆ ಈ ಐದು ಪದಕ, ಈ ಕ್ರಮದಲ್ಲಿ, ಈ ದರ್ಜಿಯ ಹೊಲಿಗೆಯಲ್ಲಿ ಒಟ್ಟಾಗಿರುವುದು ಒಬ್ಬನೇ ಮನುಷ್ಯನ ಬದುಕಿನಿಂದ. ಹೆಸರಿಲ್ಲದ ಪದಕಗಳಿಗೆ ಆ ಜೋಡಣೆಯೇ ಗುರುತು. ಕತ್ತರಿ ಹಾಕಿದ ಕ್ಷಣ ಅದು ಹೋಯಿತು. ಹರಿದಿದ್ದರೂ, ಒಂದು ಪದಕ ಕಳೆದಿದ್ದರೂ ಹಾಗೇ ಇಡಿ. ಖಾಲಿ ಜಾಗಕ್ಕೆ ಬೇರೆ ತಂದು ತುಂಬಬೇಡಿ. ಯಾರಿಂದ, ಯಾವ ಊರಿನಿಂದ ಬಂತು ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ನಮ್ಮ ಕಡೆಗೂ ಈ ಪದಕಗಳಿಗೂ ಏನಾದ್ರೂ ನಂಟು ಇದ್ಯಾ?

ಇದೆ. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆಪಡೆಯ ಜೊತೆ ಹೈಫಾ ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಎದುರಿಗಿದ್ದದ್ದು ತುರ್ಕರ ಸೇನೆ. ಪ್ಯಾಲೆಸ್ಟೈನ್ ರಣರಂಗದಲ್ಲಿ ಅವರ ಬೆನ್ನಿಗೆ ಜರ್ಮನ್ ಪಡೆಗಳೂ ಇದ್ದವು. ತುರ್ಕಿಯ ಸುಲ್ತಾನ 1915ರಲ್ಲಿ ತಂದ ಕೆಂಪು ನಕ್ಷತ್ರದ ಯುದ್ಧ ಪದಕ ಅಲ್ಲಿ ಹೋರಾಡಿದ ಜರ್ಮನರಿಗೂ ಸಿಗುತ್ತಿತ್ತು. ಅದರ ರಿಬ್ಬನ್ ಕೆಂಪು, ಅಂಚಿನ ಹತ್ತಿರ ಬಿಳಿ ಗೆರೆ. ಜರ್ಮನ್ ಬಾರ್‌ನಲ್ಲಿ ಈ ಕೆಂಪು ರಿಬ್ಬನ್ ಕಂಡರೆ ಅವನು ತುರ್ಕರ ಜೊತೆ ಹೆಗಲು ಕೊಟ್ಟವನು ಇರಬಹುದು. ಇನ್ನು 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದ ಎಮ್ಡೆನ್ ಎಂಬ ಜರ್ಮನ್ ಯುದ್ಧಹಡಗಿಗೇ ಜರ್ಮನ್ ಚಕ್ರವರ್ತಿ ಕೈಸರ್ ಐರನ್ ಕ್ರಾಸ್ ಕೊಟ್ಟಿದ್ದ.

ನೇತಾಜಿಯವರ ಆಜಾದ್ ಹಿಂದ್ ಪದಕ ಜರ್ಮನಿಯಲ್ಲಿ ಮಾಡಿದ್ದು ಅಂತಾರೆ, ನಿಜನಾ?

ಸುಭಾಷ್ ಚಂದ್ರ ಬೋಸ್ ಜರ್ಮನಿಯಲ್ಲಿದ್ದಾಗ, 1942ರಲ್ಲಿ ಈ ಪದಕಗಳನ್ನು ಸ್ಥಾಪಿಸಿದರು. ತಯಾರಿಸಿದ್ದು ಆಗ ಜರ್ಮನ್ ಆಳ್ವಿಕೆಯಲ್ಲಿದ್ದ ವಿಯೆನ್ನಾದ ಸೌವಲ್ ಎಂಬ ಸಂಸ್ಥೆ. ಕತ್ತಿ ಇರುವ, ಇಲ್ಲದ ಎರಡೂ ರೂಪಗಳಿವೆ. ಯುದ್ಧದ ನಂತರ ಮಾಡಿದ ಪ್ರತಿಗಳೂ ತುಂಬಾ ಓಡಾಡುತ್ತಿವೆ. ಭಾರತದಲ್ಲಿ ಬೇಡಿಕೆ ಜಾಸ್ತಿ, ಹಾಗಾಗಿ ಮೋಸವೂ ಜಾಸ್ತಿ. ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವ ಕಾಗದವಿಲ್ಲದೆ ದೊಡ್ಡ ದುಡ್ಡು ಕೊಡಬೇಡಿ.

ನಾಜಿ ಪದಕ, ಆಫ್ರಿಕಾದ ಪದಕ ಇವನ್ನೆಲ್ಲ ಇಟ್ಕೊಳ್ಳೋದು ಸರಿನಾ? ಮನಸ್ಸಿಗೆ ಒಂಥರಾ ಆಗುತ್ತೆ.

ಹಾಗೆ ಆಗಲೇಬೇಕು. 1907ರ ನೈಋತ್ಯ ಆಫ್ರಿಕಾ ಪದಕವನ್ನೇ ತೆಗೆದುಕೊಳ್ಳಿ. ಹೋರಾಡಿದವರಿಗೆ ಕಂಚು, ಉಳಿದವರಿಗೆ ಉಕ್ಕು. ಇದನ್ನು ಕೊಟ್ಟದ್ದು ಇಂದಿನ ನಮೀಬಿಯಾದಲ್ಲಿ ಹೆರೆರೋ ಮತ್ತು ನಾಮಾ ಜನರನ್ನು ಕೊಂದ, ಮರುಭೂಮಿಗೆ ಅಟ್ಟಿದ ದಂಡಯಾತ್ರೆಗೆ. 2021ರಲ್ಲಿ ಜರ್ಮನ್ ಸರ್ಕಾರವೇ ಅದನ್ನು ನರಮೇಧ ಎಂದು ಒಪ್ಪಿಕೊಂಡಿತು. ಮಾರಾಟದ ಪಟ್ಟಿಯಲ್ಲಿ ಮಾತ್ರ ಅದು ಬರೀ 'ವಸಾಹತು ಪದಕ, ಒಳ್ಳೇ ಸ್ಥಿತಿ' ಎಂದಷ್ಟೇ ಇರುತ್ತದೆ.

ಇಂಥ ಪದಕಗಳನ್ನು ನಾಶ ಮಾಡಬೇಕು ಎಂದು ನಾನು ಹೇಳುವುದಿಲ್ಲ, ಅವು ಸಾಕ್ಷಿ. ಆದರೆ ಅಲಂಕಾರಕ್ಕೆ ಗೋಡೆಗೆ ತೂಗುಹಾಕುವುದು, ಎದೆಗೆ ಚುಚ್ಚಿ ಫೋಟೋ ತೆಗೆಸಿಕೊಳ್ಳುವುದು ತಪ್ಪು. ನೀವು ಬರೆಯುವ ಚೀಟಿಯಲ್ಲಿ ಯಾವ ಯುದ್ಧ, ಯಾವ ವರ್ಷ, ಯಾರ ಮೇಲೆ ಎನ್ನುವುದು ಮೊದಲ ಸಾಲಿನಲ್ಲೇ ಬರಲಿ. ಲೋಹ, ತಯಾರಕ, ಸ್ಥಿತಿ ಅದರ ಕೆಳಗೆ.